ಗಾಂಜಾ ತೋಟದ ಕೆಂಪು ನುಸಿ

ಗಾಂಜಾ ತೋಟದಲ್ಲಿ ಕೆಲಸ ಅಂದರೆ ಅಮ್ಮ ಊಟ ಬಿಟ್ಟಾಳೆಂದು 'ಔಷಧಿ ಗಿಡ' ಎಂದಿದ್ದೇನೆ. ಸುಳ್ಳೇನಲ್ಲ. ನಾನೀಗಿರುವ ಪರದೇಶದ ಊರು ಅಪ್ಪರ್ ಹಟ್; ಅದರಾಚೆಯ ಈ ತೋಟಕ್ಕೆ ಲೈಸೆನ್ಸ್ ಇದೆ, ಬೆಳೆ ಹೋಗುವುದು ರೋಗಿಗಳಿಗೆ. ಹಾಗಾಗಿ ವಿಷ ಹೊಡೆಯುವಂತಿಲ್ಲ. ಕಣ್ಣಿಗೆ ಕಾಣದಂಥ ಹುಳುಗಳನ್ನೂ ಮೊದಲೇ ಹುಡುಕಿ ಹಿಡಿಯಬೇಕು. ಹುಡುಕುವವಳು ನಾನು.

ಅವತ್ತು ಶುಕ್ರವಾರ. ಗಿಡದ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿದೆ. ಬಗ್ಗಿ ಲೆನ್ಸ್‌ನಲ್ಲಿ ನೋಡಿದರೆ ಹಾಳೆ ತುಂಬ ಕೆಂಪು ಚುಕ್ಕೆ. ಪಕ್ಕದ ಗಿಡದಲ್ಲೂ ಅದೇ.

"ಕೆಂಪು ನುಸಿ! ಇಡೀ ಸಾಲು ಕಿತ್ತು ಹಾಕಬೇಕು!" ಅಂತ ಕೂಗಿಕೊಂಡೆ.

ಮ್ಯಾನೇಜರ್ ಜೋ ತನ್ನ ಪಿಕಪ್ ಗಾಡಿ ನಿಲ್ಲಿಸಿ ಓಡಿಬಂದಳು. ಹಾಳೆ ನೋಡಿ, "ಒಂದೂ ಅಲ್ಲಾಡ್ತಾ ಇಲ್ವಲ್ಲ?" ಅಂದಳು.

"ಬೆಳಗಿನ ಚಳಿ ನೋಡು, ಮುದುರಿಕೊಂಡಿವೆ," ಅಂದೆ, ಕೀಟಶಾಸ್ತ್ರ ಓದಿದವಳ ಗತ್ತಿನಲ್ಲಿ.

ಜೋ ನನ್ನ ಮುಖವನ್ನೇ ದಿಟ್ಟಿಸಿದಳು. "ನಿನ್ನ ಮೂಗಿನ ಮೇಲೂ ಮುದುರಿಕೊಂಡಿವೆ."

ಮುಟ್ಟಿಕೊಂಡೆ. ಬೆರಳೆಲ್ಲ ಕುಂಕುಮ. ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಅಮ್ಮ, "ಶುಕ್ರವಾರವೂ ಬೋಳು ಹಣೆಯೇನೇ?" ಎಂದು ಬೈದಿದ್ದಕ್ಕೆ ಧಾರಾಳವಾಗಿಯೇ ಇಟ್ಟುಕೊಂಡಿದ್ದೆ. ಬಗ್ಗಿದಾಗೆಲ್ಲ ಹಾಳೆ ಮೇಲೆ ಉದುರಿತ್ತು.

ಈಗ ಸ್ಟಿಕ್ಕರ್ ಬಿಂದಿ ಇಟ್ಟುಕೊಂಡು ಹೋಗುತ್ತೇನೆ. ಹೋದ ವಾರ ಅದೂ ಕಾಣೆಯಾಯಿತು. ಹುಳು ಹಿಡಿಯಲು ತೂಗುಹಾಕಿದ ಹಳದಿ ಅಂಟುಹಾಳೆಗೆ ಹಣೆ ತಾಗಿತ್ತೇನೋ, ಅಲ್ಲೇ ಸತ್ತ ನೊಣಗಳ ನಡುವೆ ಸಿಕ್ಕಿತು. ಅದರ ಸುತ್ತ ಜೋ ಪೆನ್ನಿನಲ್ಲಿ ಸುತ್ತು ಹಾಕಿ, ನನ್ನ ಹೆಸರು ಬರೆದು, ಕೆಳಗೆ ಷರಾ ಹಾಕಿದ್ದಳು: 'ಬೆಳೆಗೆ ಅಪಾಯವಿಲ್ಲ.'