ಬಾಣಂತಿ ಕೋಣೆಯ ಗಿಡ್ಡ ದೇವರು

ಪಾಂಡವಪುರದ ನಮ್ಮ ಶಾಲೆಯಲ್ಲಿ ಈಜಿಪ್ಟಿನ ಪಾಠ ಬಂದಾಗಲೆಲ್ಲ, ಪಠ್ಯದಲ್ಲಿಲ್ಲದ ಒಬ್ಬನನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ಹೆಸರು ಬೆಸ್, ಅಲ್ಲಿನವರ ಒಬ್ಬ ಗಿಡ್ಡ ದೇವರು. ಗಿಡ್ಡ ಕಾಲು, ಡೊಳ್ಳು ಹೊಟ್ಟೆ, ಸಿಂಹದ ಕೇಸರ, ಹೊರಚಾಚಿದ ನಾಲಿಗೆ. ಈಜಿಪ್ಟಿನ ದಕ್ಷಿಣಕ್ಕಿರುವ ನುಬಿಯಾ ಕಡೆಯಿಂದ ಬಂದವನೆಂದೂ ಹೇಳುವುದುಂಟು. ಚಿತ್ರಗಳಲ್ಲಿ ದೊಡ್ಡ ದೊಡ್ಡ ದೇವರೇ ಪಕ್ಕಕ್ಕೆ ತಿರುಗಿ ಒಂದೇ ಕೆನ್ನೆ ತೋರಿಸಿ ನಿಂತಿರುವಾಗ ಇವನು ನೆಟ್ಟಗೆ ನಮ್ಮ ಮುಖವನ್ನೇ ನೋಡುತ್ತಾನೆ. ಬಾಣಂತಿಯನ್ನೂ ಕೂಸನ್ನೂ ಕಾಯುವುದು ಇವನ ಕೆಲಸ. ಮೂರೂವರೆ ಅಡಿಯ ನಾನು ಸ್ಟೂಲು ಹತ್ತಿ ಇವನನ್ನು ಬರೆಯುತ್ತೇನೆ. ಮೊದಮೊದಲು ಹಿಂದಿನ ಬೆಂಚಿನವರು ಕಿಸಕ್ಕೆನ್ನುತ್ತಿದ್ದರು; ಈಗ ಇಲ್ಲ.

ಕಳೆದ ವರ್ಷ ತಂಗಿಗೆ ಮಗುವಾಯಿತು. ಅಮ್ಮ ಹೋದ ಮೇಲೆ ಅವಳ ತಲೆ ಬಾಚಿ, ಅನ್ನ ಕಲೆಸಿ ಬೆಳೆಸಿದವಳು ನಾನು. ಬಾಣಂತನ ಪಾಲಹಳ್ಳಿಯ ಗಂಡನ ಮನೆಯಲ್ಲಿ. ನಾನೇ ಹೆಣೆದ ಕುಲಾವಿ ಹಿಡಿದು, ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ ಹೋದರೆ, ಅವಳ ಅತ್ತೆ ಜಗಲಿಯಲ್ಲೇ ಅಡ್ಡ ನಿಂತರು.

“ಬೇಜಾರ್ ಮಾಡ್ಕಬ್ಯಾಡ ಕಣವ್ವ. ಎಳೆ ಮಗ. ನಿನ್ನ ನೋಡಿ ನಿನ್ನಂಗೇ ಆಗ್ಬುಟ್ರೆ? ಕುಲಾವಿ ಕೊಡು, ನಾನೇ ಆಕ್ತೀನಿ.”

ಮೈಯೆಲ್ಲ ಉರಿದುಹೋಯಿತು. ಇಂಥದ್ದಕ್ಕೆಲ್ಲ ನಕ್ಕು ವಾಪಸ್ಸು ಬಂದು ಬಂದು ನನಗೆ ಸಾಕಾಗಿತ್ತು. ಮದುವೆ ಮನೆಗಳಲ್ಲಿ ಆರತಿ ತಟ್ಟೆ ಕೊಡದೆ ಹಿಂದೆ ಕೂರಿಸಿದಾಗ ಸುಮ್ಮನಿದ್ದೆ. ಈ ಬಾಗಿಲಲ್ಲೂ ಸುಮ್ಮನಿದ್ದರೆ, ಆ ಮಗುವಿಗೆ ನಾನು ಎಂದೆಂದಿಗೂ ಬಾಗಿಲಾಚೆಯ ದೊಡ್ಡಮ್ಮನೇ.

ನಿಂತಲ್ಲೇ ಬೆಸ್‌ನ ಕಥೆ ಹೇಳಿದೆ.

“ಯಾವೂರ್ ದ್ಯಾವ್ರೋ! ನಮ್ಗ್ಯಾಕವ್ವ?” ಎಂದರು ಅತ್ತೆ.

“ದೂರದ್ದು ಬ್ಯಾಡ ಬುಡಿ. ನಿಮ್ ಮನೆ ಮ್ಯಾಲೆ ನೇತಾಕಿರೋದು ಯಾರ್ನ?”

ಅವರು ಕತ್ತೆತ್ತಿದರು. ಹೊಸ ಮಹಡಿಗೆ ಕಟ್ಟಿದ್ದ ದೃಷ್ಟಿ ಬೊಂಬೆಯ ಮುಖ: ಕೋರೆಹಲ್ಲು, ಗಿರಿಜಾ ಮೀಸೆ, ಗೇಣುದ್ದದ ನಾಲಿಗೆ.

“ಅದ್ಕೆ ಕಾಲೇ ಇಲ್ಲ ಅತ್ತೆ. ನಂಗೆ ಗಿಡ್ಡವಾದ್ರೂ ಎಲ್ಡವೆ. ಅದು ಮನೆ ಕಾಯ್ಬೋದು, ನಾನು ಮಗೀನ ಕಾಯ್ಬಾರ್ದಾ?”

ಅಷ್ಟರಲ್ಲಿ ಒಳಗಿಂದ ತಂಗಿ ಕೂಗಿದಳು: “ಅಕ್ಕ ಒಳೀಕ್ ಬರ್ದಿದ್ರೆ ಮಗೀನ ಎತ್ಕಂಡು ನಾನೇ ಬೀದಿಗ್ ಬತ್ತೀನಿ!”

ಹಸಿ ಬಾಣಂತಿ ಬೀದಿಗೆ ಬಂದರೆ ಊರೇನಂದೀತು? ಅತ್ತೆ ಮುಖ ಗಂಟಿಕ್ಕಿಕೊಂಡೇ ಪಕ್ಕಕ್ಕೆ ಸರಿದರು.

ಮಗು ಎಚ್ಚರವಾಗಿತ್ತು. ಚಾಪೆಯ ಮೇಲೆ ಕೂತು, ತೊಡೆಗೆ ಹಾಕಿಕೊಂಡು ಕುಲಾವಿ ಕಟ್ಟಿದೆ. ಅಳು ಒತ್ತರಿಸಿ ಬಂತು. ಬಾಗಿಲಲ್ಲಿ ನಿಂತಿದ್ದ ಅತ್ತೆಯೆದುರು ಅಳಬಾರದೆಂದು, ಬೆಸ್‌ನ ಹಾಗೆ ಮಗುವಿಗೆ ನಾಲಿಗೆ ಚಾಚಿದೆ. ಅದು ಪಿಳಿಪಿಳಿ ನೋಡಿತು. ಇನ್ನೊಮ್ಮೆ ಚಾಚಿದೆ. ಮಗು ತುಟಿ ಬಿಡಿಸಿ, ತನ್ನ ಪುಟ್ಟ ನಾಲಿಗೆಯನ್ನು ಮೆಲ್ಲಗೆ ಆಚೆ ತಂದಿತು.

“ನೋಡಿ ಅತ್ತೆ,” ಎಂದೆ, “ನನ್ನಂಗೇ ಆಗ್ಬುಡ್ತು!”