ಉಪ್ಪಾರಹಳ್ಳಿಗೆ ಬಂದ ಸಮುದ್ರದ ಮೀನುಗಳು

ನಮ್ಮದು ಮೀನು ತಿನ್ನುವ ಮನೆಯಲ್ಲ. ತುಮಕೂರಿನಲ್ಲಿ ಅಂಥ ಮನೆಗಳಿಗೇನೂ ಬರವಿಲ್ಲ. ಆದರೆ ಮೀನು ತಿನ್ನದೆಯೂ ಮೀನಿಗೋಸ್ಕರ ಮಂಗಳೂರಿಂದ ಸಮುದ್ರದ ನೀರನ್ನು ಲಾರಿಯಲ್ಲಿ ತರಿಸಿದ ಮನೆ ಬಹುಶಃ ನಮ್ಮದೊಂದೇ.

ಎಂಬತ್ತರ ದಶಕದ ಮೊದಲ ವರ್ಷಗಳು. ತುಮಕೂರಿನ ಉಪ್ಪಾರಹಳ್ಳಿ ಬಡಾವಣೆಯ ಬಾಡಿಗೆ ಮನೆಯಲ್ಲಿ ನಾವು ಮೂರು ಜನ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ನನ್ನ ಗಂಡ ಊರಂಚಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಮಾವ ತೀರಿಕೊಂಡ ಮೇಲೆ ಸಿ.ಎಸ್. ಪುರದಿಂದ ಅತ್ತೆಯೂ ನಮ್ಮ ಜೊತೆಗೇ ಬಂದಿದ್ದರು. ಊರಿನಲ್ಲಿ ಹಸು, ಆಳು, ಅಕ್ಕಪಕ್ಕದವರು ಎಲ್ಲರ ಮೇಲೂ ಕಣ್ಣಿಟ್ಟು ಅಭ್ಯಾಸವಾದ ಅವರಿಗೆ ತುಮಕೂರಿನಲ್ಲಿ ನೋಡಲು ನಾನೊಬ್ಬಳೇ ಸಿಕ್ಕಿದ್ದೆ. ಅದು ನನಗೆ ಕಷ್ಟವಾಗಿತ್ತು.

ಒಮ್ಮೆ ಯಾವುದೋ ಮೆಷಿನ್ ನೋಡಿಕೊಂಡು ಬರಲು ಕಾರ್ಖಾನೆಯವರು ಇವರನ್ನು ಬೊಂಬಾಯಿಗೆ ಕಳಿಸಿದರು. ಅಲ್ಲಿನ ಹೋಟೆಲೊಂದರಲ್ಲಿ ಗಾಜಿನ ತೊಟ್ಟಿಯ ಒಳಗೆ ಸಮುದ್ರದ ಮೀನುಗಳನ್ನು ಕಂಡವರು, ವಾಪಸು ಬಂದ ಮೇಲೆ ಮೆಷಿನ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಂಥದ್ದೊಂದು ತೊಟ್ಟಿ ನಮ್ಮ ಹಾಲ್‌ನಲ್ಲಿ ಇರಲೇಬೇಕು ಎಂದು ಹಟ ಹಿಡಿದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

“ತಿನ್ನಾದಿಲ್ಲ ಅಂದ್ಮೇಲೆ ಮನೆಗ್ಯಾಕ್ಲಾ ಅದು?”

“ನೋಡಕ್ಕೆ ಕಣವ್ವ” ಎಂದರು ಇವರು.

ಕಾರ್ಖಾನೆಯಲ್ಲೇ ಕಬ್ಬಿಣದ ಚೌಕಟ್ಟು ಕೂರಿಸಿ ತೊಟ್ಟಿ ಮಾಡಿಸಿದರು. ಸಮುದ್ರದ ನೀರೆಂದರೆ ನೀರು ಮತ್ತು ಉಪ್ಪು, ಅಷ್ಟೇ ತಾನೆ ಎಂಬುದು ಇವರ ಲೆಕ್ಕಾಚಾರ. ಬೋರ್‌ವೆಲ್ ನೀರಿಗೆ ಅಡುಗೆಮನೆಯ ಕಲ್ಲುಪ್ಪು ಕರಗಿಸಿ, ಹಿಂದೊಮ್ಮೆ ಬಾಟಲಿಯಲ್ಲಿ ಸಾಕಿದ್ದರಲ್ಲಿ ಅಳಿದುಳಿದಿದ್ದ ಒಂದು ಗಪ್ಪಿ ಮೀನನ್ನು ಪರೀಕ್ಷೆಗೆ ಬಿಟ್ಟರು. ಅದು ಹೊಟ್ಟೆ ಮೇಲೆ ಮಾಡಿ ತನ್ನ ಅಭಿಪ್ರಾಯ ತಿಳಿಸಿತು. ಮಳೆಗಾಲ ಮುಗಿಯುವುದರೊಳಗೆ ಚೌಕಟ್ಟೂ ತುಕ್ಕು ಹಿಡಿದು ನೆಲವೆಲ್ಲ ಕೆಮ್ಮಣ್ಣು ಬಳಿದಂತಾಯಿತು. ಎರಡನೇ ತೊಟ್ಟಿಯನ್ನು ಬರೀ ಗಾಜು ಮತ್ತು ಅಂಟಿನಿಂದಲೇ ಮಾಡಿಸಿದರು.

ಇನ್ನು ಇವರನ್ನು ಇವರ ಪಾಡಿಗೆ ಬಿಟ್ಟರೆ ಮನೆಯ ಉಪ್ಪೂ ಉಳಿಯುವುದಿಲ್ಲ ಎನ್ನಿಸಿ, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಗೆಳತಿಯ ಕೈಲಿ ಮೀನು ಸಾಕುವ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ ತರಿಸಿದೆ. ಸಂಜೆ ಹೊತ್ತು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರೆ ಅತ್ತೆ ಕಾಲು ಚಾಚಿಕೊಂಡು ಹರಿಕಥೆಯ ಹಾಗೆ ಕೇಳುತ್ತಿದ್ದರು. ಯಾವ ಮೀನಿನ ಬಾಯಿಗೆ ಯಾವ ಮೀನು ಹಿಡಿಸುತ್ತದೋ ಅವೆರಡನ್ನು ಒಟ್ಟಿಗೆ ಬಿಡಬಾರದು, ಪ್ರತಿಯೊಂದಕ್ಕೂ ಅಡಗಲು ಅದರದೇ ಒಂದು ಸಂದು ಬೇಕು, ಸಾಧು ಮೀನನ್ನು ಮೊದಲು ಬಿಟ್ಟು ಅದು ಒಗ್ಗಿಕೊಂಡ ಮೇಲೆಯೇ ಜೋರಿನದನ್ನು ಬಿಡಬೇಕು ಎಂದೆಲ್ಲ ಅದರಲ್ಲಿತ್ತು. ಅತ್ತೆ ನನ್ನನ್ನೇ ನೋಡಿ, ಸೊಸೆಯಂದಿರ ವಿಷಯದಲ್ಲೂ ಯಾರಾದರೂ ಹೀಗೆ ಬರೆದಿದ್ದರೆ ಚೆನ್ನಾಗಿತ್ತು ಎಂದರು. ಅತ್ತೆಯಂದಿರ ಬಾಯಿಯ ಅಳತೆ ಮೊದಲ ಅಧ್ಯಾಯದಲ್ಲೇ ಬರುತ್ತಿತ್ತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ನೀರಿನ ಚಿಂತೆ ಬಗೆಹರಿದದ್ದು ಕುಣಿಗಲ್‌ನಿಂದ. ಅಲ್ಲಿ ನಮ್ಮ ಅಕ್ಕನ ಮನೆ. ಭಾವನಿಗೆ ಸ್ವಂತ ಲಾರಿಯಿತ್ತು, ಅವರೇ ಓಡಿಸುತ್ತಿದ್ದರು. ಮಂಗಳೂರಿಗೆ ಹೋಗಿ ಹೆಂಚು ತುಂಬಿಕೊಂಡು ಬರುವುದು ಅವರ ಕಸುಬು. ಹೆಂಚಿನ ಜೊತೆ ಕ್ಯಾನುಗಳಲ್ಲಿ ಸಮುದ್ರದ ನೀರನ್ನೂ, ಒಂದಿಷ್ಟು ಕಲ್ಲನ್ನೂ ಮರಳನ್ನೂ ತಂದರು. ತೊಟ್ಟಿ ತುಂಬಿತು. ಹೊಸ ನೀರು ಹದಕ್ಕೆ ಬರಲು ಒಂದು ತಿಂಗಳಾದರೂ ಬೇಕೆಂದು ಪುಸ್ತಕ ಹೇಳಿತು. ಆ ತಿಂಗಳಿಡೀ ಇವರು ಕೆಲಸದಿಂದ ಬಂದವರೇ ಮೀನಿಲ್ಲದ ನೀರಿನ ಮುಂದೆ ಕೂರುತ್ತಿದ್ದರು. ಎದುರುಮನೆಯವರು ಬಂದು ಬರೀ ನೀರನ್ನು ನೋಡಿ, ಏನೂ ಕಾಣಿಸದಿದ್ದರೂ ಚೆನ್ನಾಗಿದೆ ಎಂದು ಹೇಳಿ ಕಾಫಿ ಕುಡಿದು ಹೋದರು.

ಮೀನಿನ ಆಯ್ಕೆಗೆ ಬಂದಾಗ ಮನೆಯಲ್ಲಿ ಜಗಳ. ಇವರಿಗೆ ಬಣ್ಣ ಬೇಕು, ನನಗೆ ಶಾಂತಿ ಬೇಕು. ಕೊನೆಗೆ ಸಣ್ಣ ಮೀನು, ಸಾಧು ಮೀನು ಎಂದು ನಾನು ಭಾವನಿಗೆ ಹೇಳಿ ಕಳಿಸಿದೆ. ಬಣ್ಣದ್ದು ಎಂದು ಇವರು ನನ್ನ ಬೆನ್ನ ಹಿಂದೆ ಹೇಳಿ ಕಳಿಸಿದರು. ಭಾವ ಇಬ್ಬರ ಮಾತನ್ನೂ ಬಿಟ್ಟು, ತೀರದ ಬೆಸ್ತರ ಬಲೆಗೆ ಜೀವಂತ ಸಿಕ್ಕಿದ್ದನ್ನೆಲ್ಲ ಬಕೆಟ್ಟಿಗೆ ಹಾಕಿಸಿಕೊಂಡು ಬಂದರು.

ನಾವು ಕುಣಿಗಲ್‌ಗೆ ಹೋಗಿ ಬಕೆಟ್ಟಿನ ಮುಚ್ಚಳ ತೆಗೆದಾಗ ಒಳಗೆ ಹಳದಿ ಮೈಗೆ ಕರಿ ಪಟ್ಟೆಯಿದ್ದ ಪುಟ್ಟ ಮೀನೊಂದು, ಮರಳಿನ ಬಣ್ಣದ ಸಣ್ಣ ಮೀನುಗಳು ಮೂರು, ರೇಗಿದರೆ ಚೆಂಡಿನ ಹಾಗೆ ಊದಿಕೊಳ್ಳುವ ಮೀನೊಂದು, ಬೆರಳು ಗಾತ್ರದ ಹಾವುಮೀನೊಂದು ಇದ್ದವು. ಇವು ಒಟ್ಟಿಗೆ ಬಾಳುವ ಜಾತಿಗಳಲ್ಲ ಎಂದೆ. ಭಾವನಿಗೆ ಬೇಜಾರಾಯಿತು.

“ಶಿರಾಡಿ ಘಾಟಿ ಪೂರ್ತಿ ಒಂದೇ ಬಕೆಟ್‌ನಾಗೆ ಬಂದವೆ ಕಣಮ್ಮ. ಒಂದೂ ಗಲಾಟೆ ಮಾಡ್ಲಿಲ್ಲ. ಇನ್ನೆಂಥ ಹೊಂದಾಣಿಕೆ ಬೇಕು ನಿಂಗೆ?”

ಬಸ್ಸಿನಲ್ಲಿ ಮನುಷ್ಯರೂ ಮೈಗೆ ಮೈ ತಾಗಿಸಿಕೊಂಡು ಸುಮ್ಮನೆ ಬರುತ್ತಾರೆ, ಜಗಳ ಶುರುವಾಗುವುದು ಮನೆ ಸೇರಿದ ಮೇಲೆ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಮೀನುಗಳು ಅಲ್ಲಿಯವರೆಗೆ ಬದುಕಿದ್ದು ಆಗಿನ ರಸ್ತೆಯ ಕೃಪೆಯಿಂದ. ಗುಂಡಿಗಳ ಮೇಲೆ ಲಾರಿ ಕುಲುಕಿ ಕುಲುಕಿ ನೀರಿಗೆ ಗಾಳಿ ತಾನೇ ಸೇರಿಕೊಂಡಿತ್ತು. ತುಮಕೂರಿನ ಬಸ್ಸಿನಲ್ಲಿ ಇವರು ಬಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಹೆಬ್ಬೂರಿನಲ್ಲಿ ಹತ್ತಿದ ಒಬ್ಬರು ಬಗ್ಗಿ ನೋಡಿ, ಸಾರಿಗೆ ಯಾವುದು ಚೆನ್ನಾಗಿರುತ್ತೆ ಎಂದು ಕೇಳಿದರು.

ಎಲ್ಲವನ್ನೂ ತೊಟ್ಟಿಗೆ ಬಿಟ್ಟದ್ದಾಯಿತು. ವಾಪಸು ಕಳಿಸೋಣವೆಂದರೆ ಸಮುದ್ರವೇನು ಬೀದಿ ಕೊನೆಯಲ್ಲಿ ಇತ್ತೆ? ಹಾಲ್‌ನಲ್ಲಿ ಮೀನಿಗೆ ಹಾಕುವ ಒಣಸೀಗಡಿಯ ವಾಸನೆ ಶುರುವಾಯಿತು. ಮೊದಲು ಸೆರಗು ಮೂಗಿಗೆ ಹಿಡಿದ ಅತ್ತೆ, ಹಸಿದ ಪ್ರಾಣಿಗೆ ಹಾಕದಿದ್ದರೆ ಅದೇ ದೊಡ್ಡ ಪಾಪ ಎಂದು ತೀರ್ಮಾನಿಸಿ, ಹಿತ್ತಿಲಲ್ಲಿ ಬೇರೆಯೇ ಒಂದು ಕಲ್ಲಿಟ್ಟು ಸೀಗಡಿ ಕುಟ್ಟಿಕೊಡತೊಡಗಿದರು. ಆಮೇಲೆ ಸ್ನಾನ.

ಒಂದೇ ವಾರದಲ್ಲಿ ತೊಟ್ಟಿಯ ಸಂಸಾರ ಬೀದಿಗೆ ಬಿತ್ತು. ಎಲ್ಲಕ್ಕಿಂತ ಚೆಂದವಿದ್ದ ಪಟ್ಟೆ ಮೀನೇ ಎಲ್ಲಕ್ಕಿಂತ ದೊಡ್ಡ ಪುಂಡ. ದೊಡ್ಡ ಕಲ್ಲು ತನ್ನದೆಂದು ಘೋಷಿಸಿ, ಹತ್ತಿರ ಬಂದವರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತಿತ್ತು. ಊದು ಮೀನು ಪಟ್ಟೆಯದರ ಬಾಲ ಕಚ್ಚುತ್ತಿತ್ತು. ಮರಳು ಬಣ್ಣದವು ಮೂರಿದ್ದದ್ದು ಎರಡಾದವು, ಆಮೇಲೆ ಒಂದೂ ಇಲ್ಲ. ಪಟ್ಟೆಯದೇ ಕೊಂದಿದೆ ಎಂದು ಅತ್ತೆ, ಊದು ಮೀನು ಎಂದು ನಾನು, ನೀರು ಸರಿಯಿಲ್ಲ ಎಂದು ಇವರು. ಒಂದು ಸಂಜೆ ಕರೆಂಟು ಹೋಗಿ ಗಾಳಿಯ ಪಂಪು ನಿಂತಾಗ, ಇವರು ಸೈಕಲ್ ಪಂಪಿನಿಂದ ನೀರಿಗೆ ಗಾಳಿ ಹೊಡೆಯುತ್ತಿದ್ದರು. ಪಕ್ಕದಲ್ಲಿ ಲಾಟೀನು ಹಿಡಿದು ನಿಂತಿದ್ದ ಅತ್ತೆಗೆ ಕಲ್ಲಿನ ಸಂದಿಯಿಂದ ಹೊರಬಂದ ಹಾವುಮೀನು ಕಾಣಿಸಿತು. ಅದರ ಬಾಯಿಯಲ್ಲಿ ಊದು ಮೀನಿನ ರೆಕ್ಕೆಯಿತ್ತು. ಊದು ಮೀನು ಚೆಂಡಾದ್ದರಿಂದ ಹಾವುಮೀನು ಅದನ್ನು ನುಂಗಲಾಗದೆ ಉಗುಳಿತು.

“ಇವ್ನೇ ಕಣಮ್ಮ ಮನೆಹಾಳ” ಎಂದರು ಅತ್ತೆ. “ಹಗಲೆಲ್ಲ ಬಿಲದಾಗಿದ್ದು ದೇವ್ರಂಗೆ ನಾಟ್ಕ ಆಡ್ತಾನೆ.”

ಹಾವುಮೀನಿನ ಜೊತೆಗೆ, ಬಾಲ ಕಚ್ಚುವ ಊದು ಮೀನನ್ನೂ ಹೊರಗೆ ಹಾಕುವುದೆಂದಾಯಿತು. ಸಾಯಿಸಲು ಅತ್ತೆ ಬಿಡಲಿಲ್ಲ. ಎಲ್ಲಿಂದ ತಂದಿರೋ ಅಲ್ಲಿಗೇ ಬಿಡಬೇಕು, ಅದನ್ನು ನಾನೇ ಕಣ್ಣಾರೆ ನೋಡಬೇಕು ಎಂದು ಹಟ ಹಿಡಿದರು. ಇವರಿಗೆ ರಜೆ ಸಿಗಲಿಲ್ಲ. ಹಾಗಾಗಿ ಭಾವನ ಲಾರಿಯ ಕ್ಯಾಬಿನ್ನಿನಲ್ಲಿ ಅತ್ತೆ ಮತ್ತು ನಾನು, ನಮ್ಮ ಕಾಲ ಬಳಿ ಎರಡು ಬಕೆಟ್ಟುಗಳಲ್ಲಿ ಎರಡು ಅಪರಾಧಿಗಳು, ಹೀಗೆ ಮಂಗಳೂರಿಗೆ ಹೊರಟೆವು.

ಅತ್ತೆ ಅದುವರೆಗೆ ಸಮುದ್ರ ನೋಡಿರಲಿಲ್ಲ. ಹಾಗೆ ನೋಡಿದರೆ ನಾನೂ ನೋಡಿರಲಿಲ್ಲ, ಪಾಠ ಮಾತ್ರ ಮಾಡಿದ್ದೆ. ಅವರು ಚಪ್ಪಲಿ ಬಿಟ್ಟು ಅಲೆ ಮುಟ್ಟುವಲ್ಲಿಗೆ ಹೋಗಿ ನಿಂತರು. ಆಮೇಲೆ ಬಗ್ಗಿ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು, ಇಷ್ಟೊಂದು ನೀರಿದ್ದೂ ಒಂದು ಬೇಳೆ ಬೇಯಿಸೋಕೆ ಆಗಲ್ಲವಲ್ಲ ಎಂದು ಮರುಗಿದರು. ಬಕೆಟ್ಟು ಬಗ್ಗಿಸುವಾಗ ಹಾವುಮೀನಿಗೆ ಹೇಳಿದ್ದು ಇಷ್ಟು: “ಹೋಗಪ್ಪ, ನಿಮ್ಮಪ್ಪನ ಮನೇಗೆ.”

ಅಲೆ ಹಿಂದೆ ಸರಿದು ಬಂಡೆಗಳ ನಡುವೆ ಅಲ್ಲಲ್ಲಿ ನೀರು ನಿಂತಿತ್ತು. ಅಂಥ ಒಂದು ಗುಂಡಿಯ ಪಕ್ಕದಲ್ಲಿ ಅತ್ತೆ ಸೀರೆ ಎತ್ತಿ ಕಟ್ಟಿ ಕೂತುಬಿಟ್ಟರು. ನನ್ನನ್ನೂ ಕೂರಿಸಿಕೊಂಡರು. ಒಳಗಿನ ಮೀನುಗಳಲ್ಲಿ ಯಾರು ಯಾರನ್ನು ಓಡಿಸುತ್ತಾರೆ, ಯಾರು ಯಾರ ಪಕ್ಕ ಸುಮ್ಮನಿರುತ್ತಾರೆ ಎಂದು ನೋಡುವುದೇ ಕೆಲಸ. ತಳದ ಮರಳಿನಲ್ಲಿ ಒಂದು ಬಿಲ. ಬಾಗಿಲಲ್ಲಿ ಒಂದು ಮಂಕು ಬಣ್ಣದ ಮೀನು, ಒಳಗಿನಿಂದ ಮರಳು ತಂದು ತಂದು ಹೊರಗೆ ಸುರಿಯುವ ಒಂದು ಸೀಗಡಿ. ಹೀಗೆ ಜೊತೆಯಾಗಿ ಬಾಳುವ ಜೋಡಿಗಳ ವಿಷಯ ಪುಸ್ತಕದಲ್ಲಿ ಓದಿದ್ದೆ. ಆದರೆ ಅದನ್ನು ಅತ್ತೆಯ ಪಕ್ಕ ಕೂತು ನೋಡುವಾಗ ಆದಷ್ಟು ಖುಷಿ ಓದುವಾಗ ಆಗಿರಲಿಲ್ಲ. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಕಡೆ ಮುಖ ಮಾಡಿ ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ಆ ಜೋಡಿಯನ್ನೇ ಹಿಡಿಸಿಕೊಂಡೆವು. ಅತ್ತೆಗೆ ಇಷ್ಟವಾಯಿತೆಂದು ಶಂಖದೊಳಗೆ ವಾಸಿಸುವ ಒಂದು ಏಡಿಯನ್ನೂ ತಂದೆವು. ಅದು ತಪ್ಪಾಯಿತು.

ಮನೆಗೆ ಬಂದು, ಪುಸ್ತಕದ ಮಾತಿನಂತೆ, ಹೊಸಬರನ್ನು ಬಿಡುವ ಮೊದಲು ಕಲ್ಲುಗಳನ್ನೆಲ್ಲ ತೆಗೆದು ಬೇರೆ ರೀತಿ ಜೋಡಿಸಿದೆ. ತನ್ನ ಜಹಗೀರು ಎಲ್ಲಿ ಹೋಯಿತೆಂದು ತಿಳಿಯದೆ ಪಟ್ಟೆ ಮೀನು ಮಂಕಾಗಿ ಮೂಲೆ ಸೇರಿತು. ಅದು ಸುಧಾರಿಸಿಕೊಳ್ಳುವಷ್ಟರಲ್ಲಿ ಹೊಸ ಜೋಡಿ ಬಿಲ ತೋಡಿಕೊಂಡಿತ್ತು. ಏಡಿ ಮಾತ್ರ ಕಂಡ ಕಲ್ಲನ್ನೆಲ್ಲ ಉರುಳಿಸಿ, ಒಂದು ಬೆಳಗ್ಗೆ ಗಾಳಿಯ ಕೊಳವೆ ಹಿಡಿದು ಮೇಲೆ ಹತ್ತಿ, ಅಡುಗೆಮನೆಯ ಹೊಸಿಲ ಮೇಲೆ ಅತ್ತೆಗೆ ಎದುರಾಯಿತು. ಮುಂದಿನ ಟ್ರಿಪ್ಪಿಗೆ ಭಾವ ಅದನ್ನೂ ತವರಿಗೆ ಬಿಟ್ಟು ಬಂದರು.

ಆಮೇಲೆ ತೊಟ್ಟಿಯಲ್ಲಿ ಶಾಂತಿ ನೆಲೆಸಿತು. ಶಾಂತಿ ನೆಲೆಸಿದ್ದೇ ತಡ, ನೋಡಲು ಬರುವವರು ನಿಂತರು. ನನ್ನ ಗಂಡನಿಗೂ ಬೇಸರ ಬಂದು ಸ್ಕೂಟರ್ ರಿಪೇರಿಯ ಕಡೆ ಗಮನ ಹೋಯಿತು. ಮೀನುಗಳು ಅತ್ತೆಯ ಮತ್ತು ನನ್ನ ಪಾಲಿಗೆ ಬಂದವು.

ಎರಡನೇ ವರ್ಷದ ಬೇಸಿಗೆಯಲ್ಲಿ ಆ ಸೀಗಡಿ ಸತ್ತಿತು. ಮಂಕು ಮೀನು ಒಂಟಿಯಾಗಿ ಬಿಲದ ಬಾಗಿಲಲ್ಲೇ ಕೂತಿರುತ್ತಿತ್ತು. ಪಟ್ಟೆ ಮೀನು ದಿನವೂ ಬಂದು ಅದರ ಎದುರು ನಿಲ್ಲತೊಡಗಿತು. ಪಾಪ, ಸಮಾಧಾನ ಹೇಳಲು ಬರುತ್ತಿದೆ ಎಂದರು ನನ್ನ ಗಂಡ. ಅತ್ತೆ ಕನ್ನಡಕ ಸರಿ ಮಾಡಿಕೊಂಡು ನೋಡಿ, “ಸಮಾಧಾನ ಅಲ್ಲ ಬುಡು, ಬಿಲ ಹೊಡ್ಕಳಾಕೆ ಬಂದವ್ನೆ” ಎಂದರು.

ಅದೇ ವಾರ ಬಿಲ ಪಟ್ಟೆಯದರ ಪಾಲಾಯಿತು. ಮಂಕು ಮೀನು ಪಕ್ಕದ ಕಲ್ಲಿನ ಕೆಳಗೆ ಜಾಗ ಮಾಡಿಕೊಂಡು, ಮತ್ತೊಂದು ಮಳೆಗಾಲ ಕಳೆಯುವವರೆಗೂ ಅಲ್ಲೇ ಬದುಕಿತು.