ಡಬ್ಬದ ಎರಡನೇ ತೂತು

ಗೋರೆಗಾಂವ್‌ನಲ್ಲಿ ಫರ್ಸಾಣ್ ಎಂಬ ಖಾರದ ಕುರುಕಲು ತಿಂಡಿ ಕರಿಯುವ ಕಾರ್ಖಾನೆಯೊಂದಕ್ಕೆ ಎಣ್ಣೆ ಪಂಪು ರಿಪೇರಿಗೆ ಹೋಗಿದ್ದೆ. ಶುರುವಿನಲ್ಲಿ ಅದು ಹೊರಗಿನ ಟ್ಯಾಂಕಿನಿಂದ ಎಣ್ಣೆಯನ್ನು ಸರಿಯಾಗಿಯೇ ಎಳೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಎಳೆತದ ಒತ್ತಡ ತೋರಿಸುವ ಸಕ್ಷನ್ ಗೇಜಿನ ಮುಳ್ಳು ಸೊನ್ನೆಗಿಂತ ಕೆಳಗಿಳಿದು, ಪಂಪು ಕಿರುಚಿ, ಎಣ್ಣೆ ನಿಂತೇಹೋಗುತ್ತಿತ್ತು. ಜಾಲರಿ ತೊಳೆದೆ, ವಾಲ್ವ್ ಬಿಚ್ಚಿದೆ, ಗೇಜನ್ನೇ ಬದಲಿಸಿದೆ. ಮಧ್ಯಾಹ್ನದ ಹೊತ್ತಿಗೆ, ಹೊಸ ಪಂಪು ತರಿಸಿ ಎಂದು ಹೇಳಿಬಿಡುವವನಿದ್ದೆ.

ಊಟಕ್ಕೆ ಹೋದರೆ, ಕ್ಯಾಂಟೀನ್ ನಡೆಸುವ ಕುಂದಾಪುರದ ಶೆಟ್ಟರು ಹೊಸ ಎಣ್ಣೆ ಡಬ್ಬ ಬಗ್ಗಿಸುತ್ತಿದ್ದರು. ಎಣ್ಣೆ ಬಿಕ್ಕಿ ಬಿಕ್ಕಿ ಬಂತು. ಅವರು ಡಬ್ಬದ ಇನ್ನೊಂದು ಮೂಲೆಗೆ ಮೊಳೆಯಿಂದ ಎರಡನೇ ತೂತು ಹೊಡೆದರು, ಧಾರೆ ಸರಾಗವಾಯಿತು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಶೆಟ್ರೇ, ಹೊರಗಿನ ಎಣ್ಣೆ ಟ್ಯಾಂಕಿಗೆ ಗಾಳಿ ಹೋಗುವ ಪೈಪ್ ಎಲ್ಲಿದೆ?"

"ಮೇಲೆ ಉಂಟಲ್ಲ ಮಾರಾಯ್ರೆ. ಮೊನ್ನೆ ಮಳೆಗಾಲಕ್ಕೆ ಕ್ಯಾಂಟೀನಿಗೆ ತಾಡಪತ್ರಿ ಹೊದಿಸುವಾಗ, ನೀರು ಹೋಗುದು ಬೇಡ ಅಂತ ಅದರ ಬಾಯಿಗೂ ನಾನೇ ಪ್ಲಾಸ್ಟಿಕ್ ಕಟ್ಟಿದೆ. ಡಬಲ್."

ಇಬ್ಬರೂ ಏಣಿ ಹತ್ತಿ ಬಿಚ್ಚಿದೆವು. ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಆಮೇಲೆ ಪಂಪು ಸಂಜೆಯವರೆಗೂ ತಕರಾರು ಮಾಡಲಿಲ್ಲ. ಮಳೆನೀರು ಬೀಳದಂತೆ ಪೈಪಿನ ತುದಿಯನ್ನು ಕೆಳಮುಖ ಮಾಡಿಸಿದೆ.

ರಿಪೋರ್ಟಿನಲ್ಲಿ 'ದೋಷ ಪತ್ತೆಹಚ್ಚಿದವರು' ಎಂಬಲ್ಲಿ ಶೆಟ್ಟರ ಹೆಸರು ಬರೆದೆ. 'ದೋಷಕ್ಕೆ ಕಾರಣ' ಎಂಬಲ್ಲಿ ಮಾತ್ರ 'ಮಳೆಗಾಲ' ಎಂದಷ್ಟೇ ಬರೆದೆ.